ಶ್ಯಾವಿಗೆ ವೇಷದ ಕುಂಬಳಕಾಯಿ

"ಅಮ್ಮ, ನೀನು ಇಲ್ಲಿಗೆ ಬಂದ ಮೇಲೆ ರಾತ್ರಿ ಹೊತ್ತು ಅನ್ನ ಬೇಡ, ಸ್ಕ್ವಾಷ್ ಕೊಡ್ತೀನಿ" ಎಂದು ಮಗಳು ಫೋನಿನಲ್ಲಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಸ್ಕ್ವಾಷ್ ಎಂದರೆ ಬೇಸಿಗೆಯಲ್ಲಿ ನೆಂಟರು ಬಂದಾಗ ಬಾಟಲಿಯಿಂದ ಎರಡು ಬೆರಳಿನಷ್ಟು ಬಗ್ಗಿಸಿ, ನೀರು ಬೆರೆಸಿ ಕೊಡುವ ಸಿಹಿ ಪಾನಕ. ಸಕ್ಕರೆ ಕಾಯಿಲೆ ಬಂದ ತಾಯಿಗೆ ಇದೆಂಥ ಪಥ್ಯ ಎಂದುಕೊಂಡೇ ವಿಮಾನ ಹತ್ತಿದ್ದೆ. ನ್ಯೂಜೆರ್ಸಿಯ ಅವಳ ಅಡುಗೆಮನೆಯ ಕಟ್ಟೆಯ ಮೇಲೆ ನನಗಾಗಿ ಕಾದು ಕುಳಿತಿದ್ದುದು ಬಾಟಲಿಯಲ್ಲ, ಒಂದು ಹಳದಿ ಕಾಯಿ. ಉದ್ದುರುಟಾಗಿ, ನುಣ್ಣಗೆ, ಎತ್ತಿದರೆ ಕೈಗೆ ಭಾರವಾಗಿ.

ಇದರ ಹೆಸರು ಸ್ಪೆಗೆಟಿ ಸ್ಕ್ವಾಷ್. ಕುಂಬಳದ ಬಳಗದ್ದೇ ಕಾಯಿ. ಬೆಂದ ಮೇಲೆ ಇದರ ತಿರುಳು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ. ಅಮೆರಿಕದ ಬರ್ಪಿ ಎಂಬ ಬೀಜದ ಕಂಪನಿ 1936ರಲ್ಲಿ ಇದರ ಬೀಜವನ್ನು ಮಾರಾಟಕ್ಕೆ ತಂದಿತು. ಮುಂದೆ ಇದನ್ನು ಅಲ್ಲಿನ ಅಂಗಡಿಗಳಲ್ಲಿ ಜನಪ್ರಿಯಗೊಳಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಡಾ ಕ್ಯಾಪ್ಲನ್ ಎಂಬ ಗಟ್ಟಿಗಿತ್ತಿ ವ್ಯಾಪಾರಿ ಮುಖ್ಯರು. ಅಮೆರಿಕದವರಿಗೆ ಕಿವಿ ಹಣ್ಣಿನ ರುಚಿ ಹತ್ತಿಸಿದವರೂ ಅವರೇ. ಈಚಿನ ವರ್ಷಗಳಲ್ಲಿ ಗೋಧಿ, ಅಕ್ಕಿ, ಜೋಳ ಯಾವ ಧಾನ್ಯವೂ ಬೇಡ ಎನ್ನುವವರು ಹೆಚ್ಚಿದ ಮೇಲೆ ಈ ಕಾಯಿಗೆ ಹೊಸ ಯೋಗ ಬಂದಿದೆ. ಗೋಧಿಯ ಪಾಸ್ತಾ ಕೂರಬೇಕಾದ ತಟ್ಟೆಯಲ್ಲಿ ಈಗ ಇದು ಕೂತಿದೆ.

ಮಗಳು ಮಾಡಿದ ಕ್ರಮ ಹೀಗೆ. ಕಾಯನ್ನು ಉದ್ದಕ್ಕೆ ಸೀಳಿ, ಬೀಜ ತೆಗೆದು, ಎಣ್ಣೆ ಸವರಿ, ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದಳು. ಫೋರ್ಕಿನಿಂದ ಕೆರೆದಾಗ ಹಳದಿ ಎಳೆಗಳು ರಾಶಿ ಬಿದ್ದವು. ಮೇಲೆ ಟೊಮ್ಯಾಟೊ ಸಾಸು, ಚೀಸು. ನೋಡಲು ಚೆಂದವೇ. ಆದರೆ ಬಾಯಿಗಿಟ್ಟಾಗ ಸಾಸು ಒಂದು ಕಡೆ, ಕಾಯಿ ಒಂದು ಕಡೆ, ತಟ್ಟೆಯ ತಳದಲ್ಲಿ ನೀರು ಒಂದು ಕಡೆ. ಪಾಸ್ತಾದಲ್ಲಿ ಗಟ್ಟಿ ಗೋಧಿಯ ಹಿಟ್ಟಿನ ಅಂಟಿದೆ, ಹಲ್ಲಿಗೆ ಸಿಗುವ ಕಸುವಿದೆ, ಸಾಸನ್ನು ಹಿಡಿದುಕೊಳ್ಳುವ ಗುಣವಿದೆ. ಈ ಕಾಯಿಯಲ್ಲಿರುವುದು ಹೆಚ್ಚಾಗಿ ನೀರು. ನಮ್ಮ ಒತ್ತು ಶ್ಯಾವಿಗೆಗೆ ಕಾಯಿಹಾಲು ಸುರಿದರೆ ಎಳೆ ಎಳೆಯೂ ಅದನ್ನು ಹೀರಿಕೊಳ್ಳುತ್ತದೆ. ಈ ಎಳೆಗೆ ಸುರಿದರೆ ಹಾಲು ಜಾರಿ ಕೆಳಗಿಳಿಯುತ್ತದೆ. ನಾನು ಅದನ್ನೂ ಮಾಡಿ ನೋಡಿದೆ. ಕುಂಬಳಕಾಯಿಯ ಪಾಯಸ ಅಡುಗೆ ಭಟ್ಟರ ಜೊತೆ ಜಗಳವಾಡಿಕೊಂಡು ಎದ್ದು ಬಂದಂತಿತ್ತು.

ಅಡುಗೆ ಕೆಟ್ಟರೆ ನನಗೆ ಬೇಸರವಿಲ್ಲ. ಐವತ್ತು ವರ್ಷ ಒಲೆಯ ಮುಂದೆ ನಿಂತವಳು ನಾನು, ಎಷ್ಟೋ ಕೆಡಿಸಿದ್ದೇನೆ. ಬೇಸರವಾದದ್ದು ಇಂಥ ಅಡುಗೆಯ ವಿಧಾನಗಳ ಜೊತೆಗೆ ಬರುವ ಒಂದು ಮಾತಿನಿಂದ. ಇದು ಪಾಸ್ತಾ ಅಲ್ಲವೆಂದು ಮನೆಯವರಿಗೆ ಗೊತ್ತೇ ಆಗುವುದಿಲ್ಲ ಎಂಬ ಮಾತು. ಮೊದಲನೆಯದಾಗಿ ಅದು ಸುಳ್ಳು, ಆರು ವರ್ಷದ ಮೊಮ್ಮಗನಿಗೂ ಗೊತ್ತಾಯಿತು. ಎರಡನೆಯದಾಗಿ, ಗೊತ್ತಾಗಬಾರದು ಎಂದು ಯಾಕೆ ಬಯಸಬೇಕು? ಉಣ್ಣುವವರಿಗೆ ಮೋಸ ಮಾಡುವುದು ಅಡುಗೆಯ ಜಾಣ್ಮೆ ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬದಲಿ ಆಹಾರ ನಮಗೇನು ಹೊಸದಲ್ಲ. ಏಕಾದಶಿಯ ದಿನ ಅನ್ನ ಬಿಟ್ಟು ಸಬ್ಬಕ್ಕಿ ತಿನ್ನುವ ಮನೆಗಳು ಎಷ್ಟಿಲ್ಲ? ಹೆಸರಿನಲ್ಲಿ ಅಕ್ಕಿಯಿದ್ದರೂ ಅದು ಮರಗೆಣಸಿನ ಹಿಟ್ಟಿನ ಮಣಿ. ಅದನ್ನು ಅನ್ನವೆಂದು ಯಾರೂ ಬಡಿಸಲಿಲ್ಲ. ಅಷ್ಟೇಕೆ, ನಮ್ಮ ಸಿಹಿಗುಂಬಳವೇ ಪರದೇಶದ್ದು. ಅದರ ತವರು ಅಮೆರಿಕ ಖಂಡ. ಇಲ್ಲಿಗೆ ಬಂದ ಮೇಲೆ ಪಲ್ಯವಾಯಿತು, ಹುಳಿಯಾಯಿತು, ಕಡುಬಾಯಿತು. ಈಗ ಅದನ್ನು ಹೊರಗಿನದೆಂದರೆ ನಮ್ಮ ಅಜ್ಜಿಯರು ನಂಬಲಾರರು. ಮೆಕ್ಸಿಕೋ ಕಡೆಯಿಂದ ಬಂದ ಮತ್ತೊಂದು ಕಾಯಿಗೆ ಸೀಮೆಬದನೆ ಎಂದು ಬದನೆಯ ಹೆಸರನ್ನೇ ಇಟ್ಟೆವು. ಹಾಗೆಂದು ಅದರಿಂದ ಎಣ್ಣೆಗಾಯಿ ಮಾಡಿ ಬದನೆಕಾಯಿ ಎಂದು ನೆಂಟರಿಗೆ ಬಡಿಸಲಿಲ್ಲ. ಹೊಸ ಕಾಯಿಗೆ ಅದರದೇ ಸಾರು, ಅದರದೇ ಪಲ್ಯ ಹುಡುಕಿಕೊಟ್ಟೆವು. ಹೊಸದಾಗಿ ಮನೆಗೆ ಬಂದ ಸೊಸೆಯನ್ನು ಸೊಸೆಯಾಗಿ ನೋಡಬೇಕೇ ಹೊರತು ತೀರಿಹೋದ ಅತ್ತೆಯ ಸೀರೆ ಉಡಿಸಿ ಕೂರಿಸಬಾರದು.

ಇನ್ನು ಲೆಕ್ಕದ ವಿಷಯ. ಬೇಯಿಸಿದ ಪಾಸ್ತಾ 100 ಗ್ರಾಂ ತಿಂದರೆ ಸುಮಾರು 30 ಗ್ರಾಂ ಪಿಷ್ಟ, ಸಕ್ಕರೆಯ ಅಂಶ ಹೊಟ್ಟೆಗೆ ಹೋಗುತ್ತದೆ. ಅನ್ನದ್ದೂ ಹೆಚ್ಚು ಕಡಿಮೆ ಅಷ್ಟೇ. ಈ ಕಾಯಿಯಲ್ಲಿ 6ರಿಂದ 7 ಗ್ರಾಂ. ಸಕ್ಕರೆ ಕಾಯಿಲೆಯವರಿಗೆ ಇದು ದೊಡ್ಡ ವ್ಯತ್ಯಾಸ, ಮಗಳ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಅದೇ ತೂಕದ ಪಾಸ್ತಾದಲ್ಲಿ 5ರಿಂದ 6 ಗ್ರಾಂ ಪ್ರೋಟೀನಿದ್ದರೆ ಇದರಲ್ಲಿ ಒಂದು ಗ್ರಾಮೂ ಇಲ್ಲ. ಅಂದರೆ ಇದು ತರಕಾರಿ, ಊಟವಲ್ಲ. ಊಟದ ಜಾಗದಲ್ಲಿ ಇದೊಂದನ್ನೇ ಇಟ್ಟರೆ ಹೊಟ್ಟೆ ಒಪ್ಪುವುದಿಲ್ಲ. ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆಯವರೂ ಇದರ ಹಿಂದೆ ಬೀಳುವುದನ್ನು ಕಂಡೆ. ಆ ಅಂಟು ಇರುವುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ. ಅಕ್ಕಿ, ರಾಗಿ, ಜೋಳದಲ್ಲಿ ಇಲ್ಲ. ಗೋಧಿ ಬೆರೆಯದಂತೆ ಎಚ್ಚರವಹಿಸಿ ಮಾಡಿದ ಅಕ್ಕಿ ಶ್ಯಾವಿಗೆಯನ್ನು ಅವರು ನೆಮ್ಮದಿಯಾಗಿ ಉಣ್ಣಬಹುದು. ಯಾವ ಕಾಯಿಲೆಗೆ ಯಾವುದು ಪಥ್ಯವೆಂದು ತಿಳಿಯದೆ ಎಲ್ಲರೂ ಎಲ್ಲವನ್ನೂ ಬಿಡುವುದು ಪಥ್ಯವಲ್ಲ, ಗಾಬರಿ.

ನನ್ನ ಹೊಟ್ಟೆಯೂ ಒಪ್ಪಲಿಲ್ಲ. ನಾಲ್ಕನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಹೋಗಿ, ಫ್ರಿಜ್ಜಿನಲ್ಲಿ ಅಳಿಯ, ಮೊಮ್ಮಗನಿಗೆಂದು ಇಟ್ಟಿದ್ದ ಅನ್ನಕ್ಕೆ ಮೊಸರು ಕಲಸಿ, ದೀಪ ಹಾಕದೆ ನಿಂತೇ ತಿಂದೆ. ಎರಡು ತುತ್ತೆಂದು ಹೋದವಳು ಬಟ್ಟಲು ತುಂಬ ತಿಂದಿದ್ದೆ. ಮರುರಾತ್ರಿಯೂ ಹೋದೆ. ಮಗಳು ಬೆಳಿಗ್ಗೆ ನನ್ನ ಬೆರಳು ಚುಚ್ಚಿ ಸಕ್ಕರೆ ನೋಡಿ, "ಇದೇನಮ್ಮ ಹೀಗೆ ಏರಿದೆ?" ಎಂದು ಸುಮ್ಮನೆ ಕೇಳಿದಳು. "ನಾನೇನು ಅನ್ನ ಮುಟ್ಟಿಲ್ಲ ಕಣೇ" ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕುಂಬಳಕಾಯಿ ಬಿಟ್ಟು ಅನ್ನ ಕದ್ದವಳೂ ಅದನ್ನೇ ಮಾಡಿದ್ದಳು. ಅವಳ ಕಣ್ಣು ತುಂಬಿತು. "ನಿನಗೆ ಏನಾದರೂ ಆದರೆ ಅಂತ ನಂಗೆ ಹೆದರಿಕೆ ಅಮ್ಮ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಕೂತು ಯೋಚಿಸಿದಾಗ ನೆನಪಾದದ್ದು ನಮ್ಮ ದೊಡ್ಡಮ್ಮ. ಚಿಕ್ಕ ವಯಸ್ಸಿಗೇ ಗಂಡ ಹೋದವರು. ಮಡಿ ಹೆಂಗಸೆಂದು ಅವರಿಗೆ ರಾತ್ರಿ ಅನ್ನ ನಿಷಿದ್ಧ. "ಪಲಾರ ಆಯ್ತಾ?" ಎಂದು ಕೇಳುವುದಷ್ಟೇ ನಮ್ಮ ಕೆಲಸವಾಗಿತ್ತು. ಹಸಿವು ಆಯ್ತಾ ಎಂದು ಯಾರೂ ಕೇಳಲಿಲ್ಲ. ಮಗಳ ಪ್ರೀತಿಯನ್ನು ಆ ಕಾಲದ ಕ್ರೌರ್ಯಕ್ಕೆ ಹೋಲಿಸಿದರೆ ನನ್ನ ನಾಲಿಗೆ ಸೀದುಹೋದೀತು. ಆದರೂ ಹೆಣ್ಣಿನ ತಟ್ಟೆಯಿಂದ ಇನ್ನೊಬ್ಬರು ಅನ್ನ ಎತ್ತಿಟ್ಟಾಗ, ಅದು ಧರ್ಮಕ್ಕಾಗಲಿ ಆರೋಗ್ಯಕ್ಕಾಗಲಿ, ಅವಳನ್ನು ಒಂದು ಮಾತು ಕೇಳಬೇಕು. ಕೇಳದೆ ಎತ್ತಿಟ್ಟ ಅನ್ನವನ್ನು ಅವಳು ಕತ್ತಲಲ್ಲಿ ಹುಡುಕುತ್ತಾಳೆ.

ಇದನ್ನು ಮಗಳಿಗೆ ಹೇಳಿದೆ. ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬಂದೆವು, ಊರಿನ ವೈದ್ಯರನ್ನೂ ಕೇಳಿದೆವು. ಅಳತೆಯ ಒಂದು ಪುಟ್ಟ ಬಟ್ಟಲು ಅನ್ನ, ಎಲ್ಲರೆದುರು, ದೀಪದ ಬೆಳಕಿನಲ್ಲಿ. ಜೊತೆಗೆ ಬೇಳೆ, ಮೊಸರು. ಮಿಕ್ಕ ತಟ್ಟೆಯ ತುಂಬ ಆ ಹಳದಿ ಕಾಯಿ, ಆದರೆ ನನ್ನ ಕೈಯಡುಗೆಯಲ್ಲಿ. ಕಾಯನ್ನು ಉದ್ದಕ್ಕೆ ಸೀಳದೆ ಅಡ್ಡಕ್ಕೆ ಬಳೆ ಬಳೆಯಾಗಿ ಕೊಯ್ದೆ. ಅದರ ಎಳೆಗಳು ಒಳಗೆ ಸುತ್ತು ಹಾಕಿಕೊಂಡಿರುವುದರಿಂದ ಹೀಗೆ ಕೊಯ್ದರೆ ಉದ್ದುದ್ದ ಬರುತ್ತವೆ. ಉಪ್ಪು ಸವರಿ ಸ್ವಲ್ಪ ಹೊತ್ತು ಬಿಟ್ಟು, ಬಿಟ್ಟ ನೀರನ್ನು ಒರೆಸಿ, ಅರ್ಧ ಗಂಟೆ ಮಾತ್ರ ಬೇಯಿಸಿದೆ. ಎಳೆಯಲ್ಲಿ ತುಸು ಗರಿಗರಿ ಉಳಿಯಬೇಕು, ಹೆಚ್ಚು ಬೆಂದರೆ ಮುದ್ದೆ. ಸಾಸಿವೆ, ಉದ್ದಿನಬೇಳೆ, ಕಡಲೇಬೇಳೆ, ಕರಿಬೇವು, ಒಣಮೆಣಸಿನ ಒಗ್ಗರಣೆಗೆ ಹುರಿದ ಶೇಂಗಾ ಸೇರಿಸಿ, ಎಳೆಗಳನ್ನು ಹಾಕಿ ಎರಡು ಬಾರಿ ಮಗುಚಿ, ಇಳಿಸಿ ನಿಂಬೆರಸ ಹಿಂಡಿ, ಕಾಯಿತುರಿ ಉದುರಿಸಿದೆ. ನಿಜ ಹೇಳುತ್ತೇನೆ, ಸೊಗಸಾಗಿತ್ತು. ಶ್ಯಾವಿಗೆಯೆಂದು ತಿಂದಾಗ ಸಪ್ಪೆಯಾಗಿದ್ದ ಕಾಯಿ ಪಲ್ಯವೆಂದು ತಿಂದಾಗ ಎಳೆಯ ಸೋರೆಕಾಯಿಗೂ ಸಿಹಿಗುಂಬಳಕ್ಕೂ ನಡುವಿನ ಹದವಾದ ರುಚಿ ಕೊಟ್ಟಿತು.

ಆದ್ದರಿಂದ ನನ್ನ ತೀರ್ಪು ಇಷ್ಟೆ. ಕಾಯಿ ಒಳ್ಳೆಯದು, ವೇಷ ಕೆಟ್ಟದ್ದು. ನಮ್ಮೂರಲ್ಲಿ ಈ ಕಾಯಿ ಸಿಗುವುದಿಲ್ಲವೆಂದು ಯಾರೂ ಕೊರಗಬೇಕಿಲ್ಲ. ಸೋರೆ, ಪಡುವಲ, ಸೀಮೆಬದನೆ ಮನೆ ಬಾಗಿಲಿಗೇ ಬರುತ್ತವೆ. ಅನ್ನ ಕಡಿಮೆ ಮಾಡಬೇಕೆಂದಿದ್ದರೆ ಪಲ್ಯ ಹೆಚ್ಚಿಸಿ, ಆದರೆ ಪಲ್ಯವನ್ನು ಪಲ್ಯವೆಂದೇ ಕರೆಯಿರಿ. ಮಾತ್ರೆ ನುಂಗುವವರು ಅನ್ನ ಇಳಿಸುವ ಮುನ್ನ ವೈದ್ಯರನ್ನು ಕೇಳಿ.

ಅಂದು ಮೊಮ್ಮಗ ನನ್ನ ತಟ್ಟೆ ನೋಡಿ, "ಅಜ್ಜಿ, ಇದೂ ಪಾಸ್ತಾನಾ?" ಎಂದು ಅನುಮಾನದಿಂದ ಕೇಳಿದ. "ಅಲ್ಲ ಕಣೋ, ಕುಂಬಳಕಾಯಿ ಪಲ್ಯ" ಎಂದೆ. ಅವನು ಹತ್ತಿರ ಬಂದು ಕೂತು, ಶೇಂಗಾ ಅಷ್ಟನ್ನೂ ಆರಿಸಿಕೊಂಡು ತಿಂದು ಎದ್ದುಹೋದ.