ಸೋತವನ ಕೈಪಿಡಿ

ಸಿಲ್ವಿಯಾ ಪ್ಲಾತ್‌ಳ ಕವಿತೆಗಳನ್ನು ಮೊದಲಿಗೇ ಗುರುತಿಸಿದವರಲ್ಲಿ ಒಬ್ಬರಾದ ಇಂಗ್ಲಿಷ್ ವಿಮರ್ಶಕ ಎ. ಅಲ್ವಾರೆಜ್ 1981ರಲ್ಲಿ ಲಾಸ್ ವೇಗಸ್‌ಗೆ ಹೋದದ್ದು ಇಸ್ಪೀಟು ನೋಡುವುದಕ್ಕೆ. ಅಲ್ಲಿನ ಪೋಕರ್ ವಿಶ್ವ ಸರಣಿಯ ಬಗ್ಗೆ ಅವರು ಬರೆದ 'ದಿ ಬಿಗ್ಗೆಸ್ಟ್ ಗೇಮ್ ಇನ್ ಟೌನ್' 1983ರಲ್ಲಿ ಪುಸ್ತಕವಾಗಿ ಬಂತು. ಪೋಕರ್ ಕುರಿತ ಒಳ್ಳೆಯ ಗದ್ಯ ಯಾವುದೆಂದು ಕೇಳಿದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ನನಗೂ ಅದು ಇಷ್ಟ. ಆದರೆ ನಾನು ಹೇಳಹೊರಟಿರುವುದು ಅದರ ಬಡ ದಾಯಾದಿಗಳ ಬಗ್ಗೆ, ಅಂದರೆ ಚೆನ್ನಾಗಿ ಆಡುವುದು ಹೇಗೆಂದು ಕಲಿಸುವ ಕೈಪಿಡಿಗಳ ಬಗ್ಗೆ. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು ಮುಟ್ಟುವುದಿಲ್ಲ. ಮುಟ್ಟಬೇಕು ಎಂಬುದು ನನ್ನ ವಾದ, ಕೊಂಚ ಎಚ್ಚರಿಕೆಯಿಂದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಈಗ ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಒಬ್ಬೊಬ್ಬರಿಗೂ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ನಡುವೆ ನಾಲ್ಕು ಸುತ್ತು ಪಣ. ಕೊನೆಯವರೆಗೆ ಉಳಿದವರಲ್ಲಿ ಒಳ್ಳೆಯ ಐದೆಲೆಯ ಜೋಡಣೆ ಇದ್ದವನಿಗೆ ಹಣ. ಎಲ್ಲರೂ ಹೆದರಿ ಎಲೆ ಮಡಚಿದರೆ ಉಳಿದ ಒಬ್ಬನಿಗೆ ಹಣ, ಅವನ ಕೈಯಲ್ಲಿ ಏನೂ ಇಲ್ಲದಿದ್ದರೂ.

ಈ ಕೈಪಿಡಿಗಳಲ್ಲಿ ಡೇವಿಡ್ ಸ್ಕ್ಲಾನ್ಸ್ಕಿಯ 'ದಿ ಥಿಯರಿ ಆಫ್ ಪೋಕರ್' ಬಲು ಗಟ್ಟಿ. ಶೈಲಿ ಎಂಬುದು ಅದರಲ್ಲಿ ಇಲ್ಲವೇ ಇಲ್ಲ, ಎಂಜಿನಿಯರಿಂಗ್ ನೋಟ್ಸಿನಂತಿದೆ. ಅದರ ಕೇಂದ್ರದಲ್ಲಿರುವ ಸೂತ್ರದ ಸಾರ ಇಷ್ಟು: ಎದುರಾಳಿಯ ಎಲೆಗಳು ಕಾಣುತ್ತಿದ್ದರೆ ಹೇಗೆ ಆಡುತ್ತಿದ್ದಿರೋ ಹಾಗೆ ಆಡದ ಪ್ರತಿ ಸಲವೂ ನಿಮಗೆ ನಷ್ಟ, ಅವನು ಹಾಗೆ ಆಡದ ಪ್ರತಿ ಸಲವೂ ನಿಮಗೆ ಲಾಭ. ಇದು ಸರ್ವಜ್ಞ ನಿರೂಪಕನ ಮಾತು. ಆಡುವವನಾದರೋ ಎಂದೆಂದಿಗೂ ಉತ್ತಮ ಪುರುಷದಲ್ಲೇ ಸಿಕ್ಕಿಕೊಂಡವನು. ಈ ಎರಡರ ನಡುವಿನ ಕಂದಕವನ್ನು ದಾಟಲು ಇರುವ ಒಂದೇ ದಾರಿ ಲೆಕ್ಕ.

ಲೆಕ್ಕ ಎಂದೊಡನೆ ಹೆದರಬೇಕಿಲ್ಲ. ನಿಮ್ಮ ಕೈಯ ಎರಡು, ಮೇಜಿನ ಎರಡು ಸೇರಿ ನಾಲ್ಕು ಆಟೀನು ಆಗಿವೆ, ಐದನೆಯದು ಬಂದರೆ ಗೆಲುವು, ಬರಬೇಕಾದ ಎಲೆ ಇನ್ನೊಂದೇ ಎಂದುಕೊಳ್ಳಿ. ಕಾಣದ 46 ಎಲೆಗಳಲ್ಲಿ 9 ಆಟೀನು, ಅಂದರೆ ಶೇಕಡಾ 20ಕ್ಕೆ ತುಸು ಕಡಿಮೆ. ಮೇಜಿನ ಮೇಲೆ 1000 ರೂಪಾಯಿ ಇದೆ, ಎದುರಾಳಿ 500 ಹಾಕಿದ. ನೀವು 500 ಹಾಕಿದರೆ ಒಟ್ಟು 2000. ಅಷ್ಟಕ್ಕೆ ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು, ನೀವು ಗೆಲ್ಲುವುದು ಐದರಲ್ಲಿ ಒಂದು ಸಲ. ಆಟೀನು ಬಂದ ಮೇಲೆ ಇನ್ನಷ್ಟು ಹಣ ಕೀಳಬಹುದೆಂಬ ನಂಬಿಕೆ ಇಲ್ಲದಿದ್ದರೆ ಎಲೆ ಮಡಚುವುದೇ ಸರಿ. ಶನಿವಾರ ರಾತ್ರಿ ಗೆಳೆಯರ ಮನೆಯಲ್ಲಿ ಸಣ್ಣ ಮೊತ್ತಕ್ಕೆ ಆಡುತ್ತಿದ್ದ ನಮ್ಮಲ್ಲಿ ಎಂಟಕ್ಕೆ ಏಳು ಜನ ಇಷ್ಟನ್ನೂ ಮಾಡುತ್ತಿರಲಿಲ್ಲ.

ವಿಮರ್ಶಕರಿಗೆ ಪ್ರಿಯವಾಗಬೇಕಾದ ಪಾಠ ಇನ್ನೊಂದಿದೆ. ಹೊಸಬ ಎದುರಾಳಿಯ ಕೈಯಲ್ಲಿ ಒಂದೇ ಜೋಡಿಯನ್ನು ಊಹಿಸಿ ಅದಕ್ಕೇ ಅಂಟಿಕೊಳ್ಳುತ್ತಾನೆ, ಕವಿತೆಗೆ ಒಂದೇ ಅರ್ಥ ಕಟ್ಟುವ ಮೇಷ್ಟ್ರ ಹಾಗೆ. ಪಳಗಿದವನು ಇರಬಹುದಾದ ಎಲ್ಲ ಜೋಡಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಪ್ರತಿ ಪಣಕ್ಕೂ ಕೆಲವನ್ನು ಅಳಿಸುತ್ತ ಹೋಗುತ್ತಾನೆ. ಜೋರಾಗಿ ಪಣ ಏರಿಸಿದವನ ಕೈಯಲ್ಲಿ ಎರಡು ಎಕ್ಕ ಇರಬಹುದು, ಎಕ್ಕ-ರಾಜ ಇರಬಹುದು. ಎರಡು ಎಕ್ಕ ಬರುವುದು 6 ಬಗೆಯಲ್ಲಿ, ಎಕ್ಕ-ರಾಜ 16 ಬಗೆಯಲ್ಲಿ. ಮೇಜಿನ ಮೇಲೊಂದು ಎಕ್ಕ ಬಿದ್ದರೆ ಅವು 3 ಮತ್ತು 12 ಆಗುತ್ತವೆ. ಭಯ ಮೊದಲನೆಯದನ್ನು ತೋರಿಸುತ್ತದೆ, ಎಣಿಕೆ ಎರಡನೆಯದನ್ನು.

ಪಣಗಳ ಸರಣಿಯನ್ನು ಕಥೆಯಾಗಿ ಓದುವುದೂ ಕಲಿಯಬೇಕಾದ್ದೇ. ಎರಡು ಸುತ್ತು ಸುಮ್ಮನೆ ಹಣ ಕೂಡಿಸುತ್ತ ಬಂದವನು ಮೂರನೇ ಆಟೀನು ಬಿದ್ದೊಡನೆ ದೊಡ್ಡ ಪಣ ಹಾಕಿದರೆ ಕಥೆ ಕೂಡುತ್ತದೆ. ಯಾರಿಗೂ ಉಪಯೋಗಕ್ಕೆ ಬಾರದ ಕಳಾವರದ ಎರಡು ಬಿದ್ದಾಗ ಹಾಗೆ ಮಾಡಿದರೆ ಕೇಳಬೇಕು: ಮೊದಲೇ ಬಲವಿದ್ದರೆ ಇಷ್ಟು ಹೊತ್ತು ಯಾಕೆ ಸುಮ್ಮನಿದ್ದ? ಎದುರಾಳಿಯ ಕಣ್ಣು ಮಿಟುಕುವುದನ್ನೂ ಕೈ ನಡುಗುವುದನ್ನೂ ನೋಡಬೇಕೆಂಬುದು ಸಿನಿಮಾದ ಪೋಕರ್. ಸಂಭಾಷಣೆ ಬಿಟ್ಟು ನಟನ ಹುಬ್ಬು ನೋಡಿದ ಹಾಗೆ ಅದು.

ಮರಿಯಾ ಕೊನ್ನಿಕೋವಾ 2020ರಲ್ಲಿ ಪ್ರಕಟಿಸಿದ 'ದಿ ಬಿಗ್ಗೆಸ್ಟ್ ಬ್ಲಫ್' ಇನ್ನೊಂದು ತೆರ. ಮನಶ್ಶಾಸ್ತ್ರ ಓದಿದ ಈಕೆಗೆ ಕಟ್ಟಿನಲ್ಲಿ ಎಷ್ಟು ಎಲೆ ಇವೆಯೆಂದೂ ಗೊತ್ತಿರಲಿಲ್ಲ. ಎರಿಕ್ ಸೈಡೆಲ್ ಎಂಬ ದೊಡ್ಡ ಆಟಗಾರನ ಬಳಿ ಕಲಿತು, 2018ರ ಆರಂಭದಲ್ಲಿ ಒಂದು ಟೂರ್ನಿಯನ್ನೇ ಗೆದ್ದಳು. ಈ ಪುಸ್ತಕದಲ್ಲಿ ನನ್ನನ್ನು ತಟ್ಟಿದ್ದು ಗೆಲುವಲ್ಲ. ಒಳ್ಳೆಯ ಎಲೆ ಇದ್ದೂ ಕೊನೆಯ ಎಲೆಯಿಂದ ಸೋತ ಕಥೆಗಳನ್ನು ಕೇಳಿಸಿಕೊಳ್ಳಲು ಸೈಡೆಲ್ ಒಪ್ಪುವುದೇ ಇಲ್ಲ. ಅವನ್ನು ಹೇಳುವುದೆಂದರೆ ಇನ್ನೊಬ್ಬರ ಅಂಗಳಕ್ಕೆ ಕಸ ಸುರಿದಂತೆ. ಇದನ್ನು ಓದಿ ನನ್ನ ನೋಟ್‌ಬುಕ್ ತೆಗೆದು ನೋಡಿದೆ. ಎರಡು ವರ್ಷದ ಬರಹದಲ್ಲಿ ಮುಕ್ಕಾಲು ಪಾಲು ಅದೇ ಕಸ. ತಪ್ಪಾಗಿ ಆಡಿ ಗೆದ್ದ ಒಂದೇ ಒಂದು ಆಟದ ದಾಖಲೆ ಇರಲಿಲ್ಲ. ಎರಡು ಎಕ್ಕ ಕೈಗೆ ಬರುವುದು 221 ಸಲಕ್ಕೆ ಒಮ್ಮೆ. ಹಾಗೆ ಬಂದಾಗಲೂ, ಕಣ್ಣು ಮುಚ್ಚಿ ಆಡುವ ಒಬ್ಬನ ಎದುರು ಏಳಕ್ಕೆ ಒಂದು ಸಲ ಸೋಲುವುದೇ ಸಹಜ. ನಾನು ಆ ಒಂದನ್ನು ಮಾತ್ರ ಬರೆದಿಟ್ಟಿದ್ದೆ.

ಆಮೇಲೆ ಫಲಿತಾಂಶ ಬಿಟ್ಟು ನಿರ್ಧಾರವನ್ನಷ್ಟೇ ಬರೆಯತೊಡಗಿದೆ: ಹಣ ಎಷ್ಟಿತ್ತು, ಅವನ ಕೈಯಲ್ಲಿ ಏನೇನಿರಬಹುದು ಎಂದುಕೊಂಡೆ, ಗಂಟೆ ಎಷ್ಟು. ಓದಲು ಬಲು ನೀರಸ. ಆದರೆ ಮೂರು ತಿಂಗಳಲ್ಲಿ ಒಂದು ಸಂಗತಿ ಕಂಡಿತು. ನನ್ನ ಕೆಟ್ಟ ನಿರ್ಧಾರಗಳಲ್ಲಿ ಹೆಚ್ಚಿನವು ರಾತ್ರಿ ಒಂದು ಗಂಟೆಯ ನಂತರದವು, ಅದೂ ಒಂದು ದೊಡ್ಡ ಸೋಲಿನ ಬೆನ್ನಿಗೆ. ಹನ್ನೆರಡೂವರೆಗೆ ಏಳತೊಡಗಿದೆ. ಯಾವ ಸೂತ್ರವೂ ಇಷ್ಟು ಹಣ ಉಳಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪುಸ್ತಕ ಪ್ರಶಂಸೆಯಾಗುತ್ತಿತ್ತು. ಆದರೆ ಸ್ಕ್ಲಾನ್ಸ್ಕಿಯನ್ನು ಒಬ್ಬ ಗೆಳೆಯನಿಗೆ ಕೊಟ್ಟವನು ನಾನು. ನಮ್ಮ ಮೇಜು ಬಿಟ್ಟು ಅವನು ಫೋನಿನಲ್ಲಿ ಒಬ್ಬನೇ ಆಡತೊಡಗಿದ. ಸೋತಾಗಲೆಲ್ಲ ಅವನು ಹೇಳುತ್ತಿದ್ದದ್ದು ಒಂದೇ, "ನಿರ್ಧಾರ ಸರಿಯಾಗಿತ್ತು, ಫಲಿತಾಂಶ ಮಾತ್ರ ಕೆಟ್ಟದ್ದು." ಕೈಪಿಡಿಗಳ ಅತ್ಯುತ್ತಮ ಪಾಠವೇ ಅದು. ಆನಿ ಡ್ಯೂಕ್ ಅದರ ಮೇಲೆ 'ಥಿಂಕಿಂಗ್ ಇನ್ ಬೆಟ್ಸ್' ಎಂಬ ಇಡೀ ಪುಸ್ತಕವನ್ನೇ ಕಟ್ಟಿದ್ದಾಳೆ. ಆದರೆ ಸೋಲು ಕೌಶಲದ್ದೋ ದುರದೃಷ್ಟದ್ದೋ ತಿಳಿಯಲು ಸಾವಿರಾರು ಆಟ ಬೇಕು. ಅಲ್ಲಿಯವರೆಗೆ ಈ ಮಾತನ್ನು ಸುಳ್ಳೆಂದು ತೋರಿಸಲು ಯಾರಿಂದಲೂ ಆಗದು. ಸೈಡೆಲ್ ಬೇಡವೆಂದ ಕಥೆಯೇ ಮಡಿ ಬಟ್ಟೆ ಉಟ್ಟು ವಾಪಸು ಬಂದಿತ್ತು. ಬೈಕು ಹೋಯಿತು, ಸಾಲವಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದಾಗ ಕೌಶಲವೋ ಅದೃಷ್ಟವೋ ಎಂಬ ಚರ್ಚೆ ಮತ್ತೆ ಎದ್ದಿತು. ನನಗೆ ಅದು ಪೊಳ್ಳೆನಿಸಿತು. ಕೌಶಲದ ಆಟವಾದ್ದರಿಂದಲೇ ಅವನು ನಿಲ್ಲಿಸಲಾರದೆ ಹೋದ.

ಈ ಪುಸ್ತಕಗಳು ತಮ್ಮ ಓದುಗನನ್ನು "ನೀವು" ಎಂದು ಕರೆಯುತ್ತವೆ, ಆ "ನೀವು" ಯಾವಾಗಲೂ ಮೇಜಿನ ಜಾಣ. ಮೇಜಿನ ಮೇಲೆ ಹಣ ಹುಟ್ಟುವುದಿಲ್ಲ, ನಡೆಸುವವನ ಪಾಲು ಹೋಗಿ ಇನ್ನೂ ಕಡಿಮೆಯಾಗುತ್ತದೆ. ಎಂಟೂ ಜನ ಅದೇ ಪುಸ್ತಕ ಓದಿದ್ದರೆ ಏನಾಗುತ್ತದೆಂದು ಇವು ಹೆಚ್ಚು ಮಾತಾಡುವುದಿಲ್ಲ. ಡಾಯ್ಲ್ ಬ್ರನ್ಸನ್ 1976 ಮತ್ತು 1977ರಲ್ಲಿ ವಿಶ್ವ ಸರಣಿಯ ಕೊನೆಯ ಆಟವನ್ನು ಎರಡೂ ಸಲ ಹತ್ತು-ಎರಡು ಎಂಬ ದರಿದ್ರ ಜೋಡಿಯಿಂದ ಗೆದ್ದ. ಆ ಜೋಡಿಗೆ ಇಂದಿಗೂ ಅವನದೇ ಹೆಸರು. ಅಲ್ವಾರೆಜ್ ಕಂಡ 1981ರ ವಿಜೇತ ಸ್ಟು ಉಂಗರ್ 1997ರಲ್ಲಿ ಮತ್ತೆ ಗೆದ್ದು, ಮರುವರ್ಷ 45ನೇ ವಯಸ್ಸಿಗೆ ಲಾಸ್ ವೇಗಸ್‌ನ ಮೋಟೆಲೊಂದರಲ್ಲಿ ಹೆಣವಾಗಿ ಸಿಕ್ಕಿದ. ಮೇಜಿನ ಮೇಲೆ ಅವನಿಗೆ ಕಲಿಸಲು ಯಾವ ಕೈಪಿಡಿಯಲ್ಲೂ ಏನೂ ಇರಲಿಲ್ಲ.

ಮಹಾಭಾರತದ ವನಪರ್ವದಲ್ಲಿ, ಎಲ್ಲ ಕಳೆದುಕೊಂಡ ಧರ್ಮರಾಯನಿಗೆ ಬೃಹದಶ್ವ ಋಷಿ ನಳನ ಕಥೆ ಹೇಳಿ, ಕೊನೆಗೆ ಅಕ್ಷಹೃದಯ ವಿದ್ಯೆಯನ್ನೂ ಕೊಡುತ್ತಾನೆ. ಕೈಪಿಡಿ ಕೈಗೆ ಬರುವುದು ಸೋತ ಮೇಲೆಯೇ. ನಳ ಅದರಿಂದ ರಾಜ್ಯ ಗೆದ್ದ. ಧರ್ಮರಾಯ ವಿರಾಟನ ಆಸ್ಥಾನದಲ್ಲಿ ಕಂಕನಾಗಿ ಪಗಡೆಯಾಡುತ್ತ ಒಂದು ವರ್ಷ ಕಳೆದ. ಅವನ ರಾಜ್ಯ ಬಂದದ್ದು ಯುದ್ಧದಿಂದ.

ಗೆಳೆಯ ಕಳೆದ ತಿಂಗಳು ಪುಸ್ತಕ ಹಿಂದಿರುಗಿಸಿದ. ಈಗ ಆಡುತ್ತಿಲ್ಲ, ಸಾಲದಲ್ಲಿ ಅರ್ಧ ತೀರಿದೆಯಂತೆ. ಸೆಮಿ-ಬ್ಲಫ್ ಅಧ್ಯಾಯದ ತುಂಬ ಪೆನ್ಸಿಲ್ ಗೆರೆಗಳು. ಯಾವುವು ಅವನವು, ಯಾವುವು ನಾನು ಕೊಡುವ ಮುಂಚೆ ಎಳೆದವು ಎಂದು ಹುಡುಕಿದೆ, ತಿಳಿಯಲಿಲ್ಲ.