ಹೊಟ್ಟೆಯಿಲ್ಲದ ವಾದ್ಯ, ದನಿಯಿಲ್ಲದ ಪುಟ

ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆಯಿಲ್ಲ. ಏಕತಾರಿಗೆ ಸೋರೆಬುರುಡೆಯಿದೆ, ತಂತಿ ಮೀಟಿದರೆ ಬುರುಡೆ ತುಂಬಿ ದನಿ ಹೊರಬರುತ್ತದೆ. ಎಲೆಕ್ಟ್ರಿಕ್ ಗಿಟಾರ್ ಸಾಮಾನ್ಯವಾಗಿ ಒಂದು ಗಟ್ಟಿ ಮರದ ಹಲಗೆ. ತಂತಿಯ ಕಂಪನವನ್ನು ಅದರ ಕೆಳಗಿನ ಆಯಸ್ಕಾಂತವೂ ತಾಮ್ರದ ಸುರುಳಿಯೂ ಸೇರಿ ಸಣ್ಣ ವಿದ್ಯುತ್ತಾಗಿ ಮಾಡಿ ವೈರಿಗೆ ಒಪ್ಪಿಸುತ್ತವೆ. ಅದರ ಹೊಟ್ಟೆ ಇರುವುದು ವೈರಿನ ಆಚೆ ತುದಿಯಲ್ಲಿ, ಆಂಪ್ಲಿಫೈಯರ್ ಎಂಬ ಪೆಟ್ಟಿಗೆಯಲ್ಲಿ.

ಆ ಪೆಟ್ಟಿಗೆ ಕೊಳ್ಳಲು ದುಡ್ಡು ಸಾಲದ ಹುಡುಗರು ಎಲ್ಲ ಊರುಗಳಲ್ಲಿಯೂ ಮೊದಲು ಮಾಡುವ ಪ್ರಯೋಗ ಒಂದೇ: ಮನೆಯ ಸ್ಟೀರಿಯೋಗೆ ಗಿಟಾರನ್ನು ಸಿಕ್ಕಿಸುವುದು. ಬೆಂಗಳೂರಾದರೂ ಅಷ್ಟೆ, ಆಳಂದ ತಾಲೂಕಿನ ಮಾದನಹಿಪ್ಪರಗಾ ಆದರೂ ಅಷ್ಟೆ, ಫಲ ಬೇರೆಯಾಗದು. ದನಿ ಮಂಕಾಗಿ, ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ನಡುವೆ ಡಿಸ್ಟಾರ್ಷನ್ ಪೆಡಲ್ ಇಟ್ಟರೆ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚರಚರ ಎನ್ನುತ್ತದೆ.

ಇದರ ಕಾರಣ ಸರಳ. ಗಿಟಾರಿನ ಸುರುಳಿ ಕೊಡುವ ಸಂಕೇತ ಬಹಳ ನಾಜೂಕು. ಗಿಟಾರ್ ಆಂಪಿನ ಬಾಗಿಲು ಸುಮಾರು 10 ಲಕ್ಷ ಓಮ್ ತಡೆಯದು. ಅದು ಸುರುಳಿಯಿಂದ ಹೆಚ್ಚೇನನ್ನೂ ಎಳೆದುಕೊಳ್ಳದೆ ದನಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸ್ಟೀರಿಯೋದ ಬಾಗಿಲು ಸಾಮಾನ್ಯವಾಗಿ 10ರಿಂದ 50 ಸಾವಿರ ಓಮ್‌ನದು. ಅಲ್ಲಿ ದನಿಯ ಮೇಲಿನ ಹೊಳಪೆಲ್ಲ ಸೋರಿಹೋಗುತ್ತದೆ. ಇನ್ನೊಂದು ವ್ಯತ್ಯಾಸ ಸ್ಪೀಕರಿನಲ್ಲಿದೆ. ಗಿಟಾರಿನ 12 ಇಂಚಿನ ಸ್ಪೀಕರ್ 5 ಸಾವಿರ ಹರ್ಟ್ಜ್ ದಾಟಿದ ಮೇಲೆ ಬಹುಮಟ್ಟಿಗೆ ಮೌನಿ. ಸ್ಟೀರಿಯೋ 20 ಸಾವಿರದ ತನಕ ಏನನ್ನೂ ಬಿಡದೆ ನುಡಿಯುತ್ತದೆ. ಪೆಡಲ್ ಹುಟ್ಟಿಸಿದ ಸಿಡುಕನ್ನೆಲ್ಲ ಅದು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ಆ ಪ್ರಾಮಾಣಿಕತೆಯೇ ಇಲ್ಲಿ ಕಿವಿಗೆ ಚುಚ್ಚುವುದು.

ಅಂದರೆ ಸ್ಟೀರಿಯೋ ಇರುವುದು ತನ್ನನ್ನು ತಾನು ಮರೆಸಿಕೊಳ್ಳಲು. ಗಿಟಾರ್ ಆಂಪ್ ಇರುವುದು ತಾನೂ ಕೇಳಿಸಲು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪಿನ ಸ್ಪೀಕರ್ ಹಾಳೆಯನ್ನು ಬ್ಲೇಡಿನಿಂದ ಸೀಳಿದ. ಆ ಹರಿದ ದನಿಯೇ ತಂಡದ ಹಾಡನ್ನು ಜಗತ್ತಿಗೆ ಮುಟ್ಟಿಸಿತು. ಪೆಟ್ಟಿಗೆಯ ದೋಷವೇ ವಾದ್ಯದ ಗುಣವಾಯಿತು.

ಸಾಹಿತ್ಯದ ಓದುಗರಿಗೆ ಈ ಮಾತು ಏಕೆ ಬೇಕು? ನಮ್ಮ ವಿಮರ್ಶೆಯೂ ಹಾಡುವ ಪದಗಳನ್ನು ಸ್ಟೀರಿಯೋಗೆ ಸಿಕ್ಕಿಸುತ್ತ ಬಂದಿದೆ ಎಂಬುದಕ್ಕೆ. ಆಳಂದ, ಅಫಜಲಪುರ, ಜೇವರ್ಗಿಯ ಸೀಮೆ ತತ್ವಪದಗಳ ಸೀಮೆ. ಕಡಕೋಳ ಮಡಿವಾಳಪ್ಪನವರು, ಅವರ ಪರಂಪರೆಯ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಇವರ ಪದಗಳು ಇಲ್ಲಿ ಪುಸ್ತಕಕ್ಕಿಂತ ಮೊದಲು ಭಜನೆಯಲ್ಲಿ ಬದುಕಿದವು. ಏಕತಾರಿ, ತಾಳ, ಮುಮ್ಮೇಳದ ಒಂದು ಗಂಟಲು, ಹಿಮ್ಮೇಳದ ಹಲವು ಗಂಟಲು ಸೇರಿ ಆ ಪದದ ಹೊಟ್ಟೆ.

ಮುದ್ರಣಕ್ಕೆ ಬಂದಾಗ ಇದರಲ್ಲಿ ಏನು ಉಳಿಯುತ್ತದೆ? ಪಲ್ಲವಿ ಪುಟದ ಮೇಲೆ ಒಮ್ಮೆ ಪೂರ್ತಿಯಾಗಿ ಬರುತ್ತದೆ. ಆಮೇಲೆ ಪ್ರತಿ ನುಡಿಯ ಕೊನೆಗೆ ‘ಪ’ ಎಂಬ ಒಂದಕ್ಷರ, ಕೆಲವೊಮ್ಮೆ ಅದೂ ಇಲ್ಲ. ಹಾಡಿಕೆಯಲ್ಲಿ ಆ ಒಂದಕ್ಷರವೇ ಅರ್ಧ ಪದ. ಮುಮ್ಮೇಳ ಕೇಳಿದ ಪ್ರಶ್ನೆಯನ್ನು ಹಿಮ್ಮೇಳ ಮತ್ತೆ ಮತ್ತೆ ಎತ್ತುವಾಗ ಮೊದಲ ಸಲ ಅದು ಒಬ್ಬನ ಸಂಶಯ. ಐದನೆಯ ಸಲಕ್ಕೆ ಊರಿನ ಸಂಶಯ. ಪುಟವನ್ನು ಮಾತ್ರ ನೋಡಿದ ವಿಮರ್ಶಕರು ತತ್ವಪದಗಳಲ್ಲಿ ‘ಪುನರುಕ್ತಿ ಹೆಚ್ಚು’, ‘ಬಂಧ ಸಡಿಲ’ ಎಂದರೆ ಅದು ಗಿಟಾರ್ ಮಂಕಾಗಿದೆ ಎಂದು ಗಿಟಾರನ್ನೇ ಬೈದಂತೆ. ಸಂಪುಟಗಳು ಬೇಕೇ ಬೇಕು. ಅವಿಲ್ಲದೆ ಎಷ್ಟೋ ಪದಗಳು ಹಾಡುವವರ ಜೊತೆಯೇ ಮಣ್ಣಾಗುತ್ತಿದ್ದವು. ಆದರೆ ಸಂಪುಟ ಪದದ ಒಂದು ಗೂಡು ಮಾತ್ರ, ಪದವೇ ಅಲ್ಲ.

ಇದಕ್ಕೆ ಎದುರು ತುದಿಯ ಉದಾಹರಣೆ ಶಿಶುನಾಳ ಷರೀಫರದು. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಿ. ಅಶ್ವಥ್ ಸಂಗೀತ ಕೊಟ್ಟರು. ಷರೀಫರೆಂದರೆ ಅಶ್ವಥ್ ದನಿ ಎನ್ನುವಷ್ಟು ಅದು ಮನಸ್ಸಿನಲ್ಲಿ ಕೂತಿತು. 2008ರ ತಮ್ಮ ಆಲ್ಬಮ್ಮಿನಲ್ಲಿ ರಘು ದೀಕ್ಷಿತ್ ಗುಡಗುಡಿಯ ಪದವನ್ನೂ ಸೋರುವ ಮಾಳಿಗೆಯ ಪದವನ್ನೂ ರಾಕ್ ತಂಡದ ಜೊತೆ ಹಾಡಿದರು. ಆಗಿನಿಂದ ಒಂದು ತಕರಾರು ಇದ್ದೇ ಇದೆ: ಇದು ಷರೀಫರಿಗೆ ನಿಷ್ಠವೇ?

ಪ್ರಶ್ನೆಯೇ ಸರಿಯಿಲ್ಲ. ಅಶ್ವಥ್ ಅವರದೂ ಒಂದು ಪೆಟ್ಟಿಗೆ, ರಘು ಅವರದೂ ಒಂದು ಪೆಟ್ಟಿಗೆ. ಕೇಳಬೇಕಾದದ್ದು, ಈ ಪೆಟ್ಟಿಗೆಯಲ್ಲಿ ಪದದ ಯಾವ ಮಾತು ದೊಡ್ಡದಾಯಿತು, ಯಾವುದು ಕಂಬಳಿಯ ಒಳಗೆ ಹೋಯಿತು ಎಂದು. ನನ್ನ ಕಿವಿಗೆ ರಘು ದೀಕ್ಷಿತ್ ಹಾಡಿಕೆಯಲ್ಲಿ ಗುಡಗುಡಿಯ ತುಂಟತನ ಮೇಲೆದ್ದಿದೆ, ಜನ ಒಟ್ಟಾಗಿ ಕುಣಿಯುವ ಭಜನೆಯ ಹುರುಪು ಮರಳಿದೆ. ಸೋರುವ ಮಾಳಿಗೆಯಲ್ಲಿ ಮಾತ್ರ ಹುರುಪು ದಾರಿಗೆ ಅಡ್ಡ ಬರುತ್ತದೆ. ಮನೆ ಸೋರುವಾಗಿನ ಒಂಟಿ ದಿಗಿಲಿಗೆ ಅಲ್ಲಿ ಜಾಗ ಕಡಿಮೆ. ಒಪ್ಪದವರು ಎರಡನ್ನೂ ಕೇಳಿ ವಾದಿಸಬಹುದು. ‘ನಿಷ್ಠೆ’ ಎಂಬ ಮಾತಿನಿಂದ ವಾದ ಹುಟ್ಟುವುದಿಲ್ಲ, ತೀರ್ಪು ಮಾತ್ರ ಹುಟ್ಟುತ್ತದೆ.

ಸ್ಟೀರಿಯೋದಲ್ಲಿ ಗಿಟಾರ್ ಚೆನ್ನಾಗಿ ನುಡಿಸಲು ದಾರಿ ಇಲ್ಲವೆಂದಲ್ಲ. ಇವತ್ತು ಆಂಪಿನ ಬಾಗಿಲನ್ನೂ ಸ್ಪೀಕರಿನ ಮೌನವನ್ನೂ ಅನುಕರಿಸುವ ಸಣ್ಣ ಉಪಕರಣಗಳಿವೆ. ಅವನ್ನು ನಡುವೆ ಇಟ್ಟರೆ ಮನೆಯ ಸ್ಟೀರಿಯೋವೇ ಸೊಗಸಾಗಿ ಹಾಡುತ್ತದೆ. ಇಲ್ಲದ ಪೆಟ್ಟಿಗೆಯನ್ನು ಅವು ಕಿವಿಗೆ ಕಟ್ಟಿಕೊಡುತ್ತವೆ. ತತ್ವಪದದ ಪುಟಕ್ಕೂ ಓದುಗನಿಗೂ ನಡುವೆ ವಿಮರ್ಶೆ ಮಾಡಬೇಕಾದ ಕೆಲಸ ಅದೇ. ಇಲ್ಲಿ ಹಿಮ್ಮೇಳ ಎಷ್ಟು ಸಲ ತಿರುಗುತ್ತಿತ್ತು, ಯಾವ ಅಕ್ಷರ ಎಳೆಯುತ್ತಿತ್ತು, ಯಾವ ಸಾಲಿಗೆ ತಾಳ ನಿಲ್ಲುತ್ತಿತ್ತು ಎಂದು ಅದು ಹೇಳಬೇಕು. ಅದನ್ನು ತಿಳಿಯಲು ಗ್ರಂಥಾಲಯದ ಜೊತೆಗೆ ಭಜನೆಗೂ ಹೋಗಬೇಕು, ಹಾಡುವವರು ಇನ್ನೂ ಇರುವಾಗಲೇ.