ಬಣ್ಣ ಮೈದಳೆಯುವ ಪರಿ

ಲೂಸಿಯನ್ ಫ್ರಾಯ್ಡ್ ಬರೆದ ನಗ್ನಚಿತ್ರದ ಮುಂದೆ ಮೊದಲ ಸಲ ನಿಂತವರಿಗೆ ಮುಜುಗರವಾಗುವುದು ಸಹಜ. ಇಳಿಬಿದ್ದ ಹೊಟ್ಟೆ, ಕೆಂಪಡರಿದ ಮೊಣಕಾಲು, ಚರ್ಮದಡಿಯ ನೀಲಿ ನರ: ಇದರಲ್ಲಿ ಚಂದವೆಲ್ಲಿದೆ? ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಬಣ್ಣ ಹೇಗೆ ಬಿದ್ದಿದೆ ಎಂಬುದನ್ನಷ್ಟೇ ನೋಡಬೇಕು. ಯುದ್ಧಾನಂತರದ ಲಂಡನ್ನಿನ ಚಿತ್ರಕಾರರು ಮನುಷ್ಯನ ಮೈಯಲ್ಲಿ ಹುಡುಕಿದ್ದೇನೆಂಬುದು ಆಗ ತೆರೆದುಕೊಳ್ಳತೊಡಗುತ್ತದೆ.

1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನೆ ಬೆರ್ಗೆನ್-ಬೆಲ್ಸೆನ್ ಎಂಬ ನಾಜಿ ಯಾತನಾಶಿಬಿರವನ್ನು ವಶಪಡಿಸಿಕೊಂಡಿತು; ಅಲ್ಲಿನ ಹೆಣಗಳ ಫೋಟೊಗಳನ್ನು ಜಗತ್ತು ಕಂಡಿತು. ಅದೇ ತಿಂಗಳು ಲಂಡನ್ನಿನ ಗ್ಯಾಲರಿಯೊಂದರಲ್ಲಿ ಆ ಚಿತ್ರಕಾರರಲ್ಲೊಬ್ಬನಾದ ಫ್ರಾನ್ಸಿಸ್ ಬೇಕನ್ನನ ಮೂರು ಫಲಕಗಳ ಚಿತ್ರ ಪ್ರದರ್ಶನಗೊಂಡಿತು. ಕಿತ್ತಳೆ ಹಿನ್ನೆಲೆಯಲ್ಲಿ ಉದ್ದ ಕತ್ತಿನ, ಬಾಯಿ ತೆರೆದ ಜೀವಿಗಳು. ಅದನ್ನು ಬರೆದದ್ದು ಹಿಂದಿನ ವರ್ಷವೇ, ನಿಜ. ಆದರೂ ಆ ಏಪ್ರಿಲ್‌ನಿಂದ ಆ ಚಿತ್ರವನ್ನು ಬೇರ್ಪಡಿಸಿ ನೋಡುವುದು ಕಷ್ಟ. ಮುಂದೆ ನ್ಯೂಯಾರ್ಕಿನ ಅಮೂರ್ತ ಕಲೆಯ ಅಲೆ ಎದ್ದಾಗಲೂ ಲಂಡನ್ನಿನ ಈ ಕೆಲವರು ಮನುಷ್ಯನ ಕೈ ಬಿಡಲಿಲ್ಲ.

ಹೊಸಬರು ಶುರುಮಾಡಬೇಕಾದದ್ದು ಫ್ರಾಯ್ಡ್‌ನಿಂದ. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್‌ನ ಮೊಮ್ಮಗ ಈತ. ಬರ್ಲಿನ್ನಿನಲ್ಲಿ ಹುಟ್ಟಿ, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಇಂಗ್ಲೆಂಡಿಗೆ ಬಂದವನು. ಅವನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. 1950-51ರ ‘ಬಿಳಿ ನಾಯಿಯೊಡನೆ ಹುಡುಗಿ’ಯಲ್ಲಿ ಮೊದಲ ಹೆಂಡತಿ ಕಿಟ್ಟಿ ಗಾರ್ಮನ್ ಒಂದು ಮೊಲೆ ಬಯಲಾದ ಗೌನಿನಲ್ಲಿ ಕೂತಿದ್ದಾಳೆ, ನಾಯಿ ಅವಳಿಗೊರಗಿ ಮಲಗಿದೆ. ಸಣ್ಣ, ಮೆತ್ತನೆಯ ಕುಂಚದ ಕೆಲಸ. ಮೈ ಪಿಂಗಾಣಿಯಷ್ಟು ನುಣುಪು, ಕುಂಚದ ಗುರುತೇ ಇಲ್ಲ.

ಐವತ್ತರ ದಶಕದ ಕೊನೆಗೆ ಅವನು ಹಂದಿಕೂದಲಿನ ಒರಟು ಕುಂಚ ಹಿಡಿದ, ನಿಂತುಕೊಂಡು ಬರೆಯತೊಡಗಿದ. ಎಪ್ಪತ್ತರ ದಶಕದಲ್ಲಿ ಕ್ರೆಮ್ನಿಟ್ಜ್ ಬಿಳಿ ಸೇರಿತು: ಸೀಸದ ಅಂಶ ಹೆಚ್ಚಿರುವ, ಭಾರವಾದ, ಬೇಗ ಹರಡದ ಬಣ್ಣ. ಇದೆಲ್ಲದರ ಫಲ 1995ರ ಆ ಎರಡನೆಯ ಚಿತ್ರದಲ್ಲಿ ಕಾಣುತ್ತದೆ. ಸರ್ಕಾರಿ ಉದ್ಯೋಗ ಕೇಂದ್ರದ ನೌಕರಳಾಗಿದ್ದ ಸೂ ಟಿಲ್ಲಿ ಹೂವಿನ ಸೋಫಾದ ಮೇಲೆ ಬೆತ್ತಲಾಗಿ ನಿದ್ದೆಹೋಗಿದ್ದಾಳೆ. ಹತ್ತಿರ ಹೋಗಿ ತೊಡೆಯನ್ನಷ್ಟೇ ನೋಡಿ. ಗುಲಾಬಿ, ಕಾವಿ, ಬೂದು ಬಣ್ಣಗಳು ಒಂದರಲ್ಲೊಂದು ಕರಗದೆ ತುಣುಕುತುಣುಕಾಗಿಯೇ ನಿಂತಿವೆ. ಕುಂಚ ಎಳೆದ ದಿಕ್ಕೇ ಮಾಂಸ ಜಗ್ಗುವ ದಿಕ್ಕು. ಹಿಂದೆ ಸರಿದರೆ ಅದೇ ತುಣುಕುಗಳಿಗೆ ತೂಕ ಬರುತ್ತದೆ, ಬಿಸಿ ಬರುತ್ತದೆ. ತಿಂಗಳುಗಟ್ಟಲೆ ಒಬ್ಬ ವ್ಯಕ್ತಿಯನ್ನು ಇಷ್ಟು ಗಮನವಿಟ್ಟು ನೋಡುವುದು ಕ್ರೌರ್ಯವಲ್ಲ, ಅದು ಗೌರವ. 2008ರಲ್ಲಿ ಈ ಚಿತ್ರ 3.36 ಕೋಟಿ ಡಾಲರಿಗೆ ಹರಾಜಾಯಿತು. ಆ ಮೊತ್ತ ನೋಡುವ ಕಣ್ಣಿಗೆ ಏನನ್ನೂ ಕಲಿಸದು.

ಬೇಕನ್ನನ ದಾರಿ ಬೇರೆ. ರೂಪದರ್ಶಿ ಎದುರಿಗಿರುವುದು ಅವನಿಗೆ ಬೇಕಿರಲಿಲ್ಲ. ಗೆಳೆಯ ಜಾನ್ ಡೀಕಿನ್ ತೆಗೆದ ಫೋಟೊಗಳೇ ಸಾಕಾಗಿದ್ದವು. ಕ್ಯಾನ್ವಾಸಿನ ಹಿಂಬದಿಯಲ್ಲಿ, ಅಸ್ತರು ಬಳಿಯದ ಬಟ್ಟೆಯ ಮೇಲೆ ಬರೆಯುತ್ತಿದ್ದ. ಅಲ್ಲಿ ಬಿದ್ದ ಬಣ್ಣವನ್ನು ಬಟ್ಟೆ ಹೀರಿಬಿಡುತ್ತದೆ, ತಿದ್ದಲು ಆಸ್ಪದ ಕಡಿಮೆ. ಮುಖ ತಿರುಚಿದೆಯೆಂದು ಬೆದರದೆ, ತಿರುಚು ಎಲ್ಲಿ ಶುರುವಾಗುತ್ತದೆಂದು ಹುಡುಕಬೇಕು: ನೆಟ್ಟನೆಯ, ನಿಶ್ಚಲ ಹಿನ್ನೆಲೆಯ ನಡುವೆ ಒಂದೇ ಕಡೆ ಬಣ್ಣ ಉಜ್ಜಿ ಕದಡಿರುತ್ತದೆ.

ಇದೇ ಲಂಡನ್ನಿನ ಮತ್ತೊಬ್ಬ ಚಿತ್ರಕಾರ ಫ್ರಾಂಕ್ ಔಯರ್‌ಬಾಖ್‌ನ ಚಿತ್ರವನ್ನು ಪಕ್ಕದಿಂದ ನೋಡಿ. ದಿನದ ಕೆಲಸವನ್ನು ಕೆರೆದು ತೆಗೆದು ಮತ್ತೆ ಬರೆಯುವುದು ಅವನಿಗೆ ರೂಢಿಯಾದದ್ದು ನಂತರದ ವರ್ಷಗಳಲ್ಲಿ. ಐವತ್ತರ ದಶಕದ ಮುಖಗಳಲ್ಲಂತೂ ಬಣ್ಣ ಉಬ್ಬುಶಿಲ್ಪದ ಹಾಗೆ ಎದ್ದು ನಿಂತಿದೆ. 1939ರಲ್ಲಿ ಬಾಲಕನಾಗಿದ್ದ ಅವನನ್ನು ಇಂಗ್ಲೆಂಡಿಗೆ ಕಳಿಸಿದ ತಂದೆತಾಯಿ ನಾಜಿಗಳಿಂದ ಹತರಾದರು. ಮುಂದೆ ಆತ ಅದೇ ಕೆಲವು ಮುಖಗಳನ್ನು ದಶಕಗಟ್ಟಲೆ ಬಿಡದೆ ಬರೆದ.

ಈ ಸಾಲಿನಲ್ಲಿ ಭಾರತೀಯನೊಬ್ಬನಿದ್ದಾನೆ. ಗೋವಾದಲ್ಲಿ ಹುಟ್ಟಿ, ಮುಂಬಯಿಯ ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿದವರಲ್ಲೊಬ್ಬನಾಗಿ, 1949ರಲ್ಲಿ ಲಂಡನ್ನಿಗೆ ಹೋದ ಎಫ್.ಎನ್. ಸೋಜಾ. ಬ್ರಿಟನ್ನಿನ ಟೇಟ್ ಕಲಾಸಂಗ್ರಹದಲ್ಲಿರುವ ಅವನ 1959ರ ‘ಶಿಲುಬೆ’ಯಲ್ಲಿ ಫ್ರಾಯ್ಡ್‌ನ ಮಾಂಸಲತೆ ಕಾಣದು. ದಪ್ಪ ಕಪ್ಪು ಗೆರೆಗಳೇ ಅಲ್ಲಿ ಮೂಳೆ, ಅವೇ ಮುಳ್ಳು. 2018ರಲ್ಲಿ ಟೇಟ್ ಬ್ರಿಟನ್ ಗ್ಯಾಲರಿ ಅವನ ಚಿತ್ರಗಳನ್ನು ಬೇಕನ್ ಮತ್ತು ಫ್ರಾಯ್ಡ್‌ರ ಚಿತ್ರಗಳ ಜೊತೆಗೇ ತೂಗುಹಾಕಿತು. ಅವನ ಚಿತ್ರದೆದುರು ನಿಂತವರು ಬಣ್ಣಕ್ಕಿಂತ ಮೊದಲು ಆ ಗೆರೆಯೊಂದನ್ನು ಹಿಡಿದು, ಅದು ಮೈಯೊಳಗೆ ಎಲ್ಲಿಯವರೆಗೆ ಇಳಿಯುತ್ತದೆಂದು ನೋಡಬಹುದು.